ಕೆಮಿಸ್ಟ್ರಿ ಓದಿದವರು ಕಲಾ ಇತಿಹಾಸದಲ್ಲಿ ಎಂ.ಎ. ಮಾಡಬಹುದಾ?

ಬಣ್ಣದಲ್ಯಾಬ್ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಓದಿದ್ದು ಎಂ.ಎಸ್ಸಿ. ಕೆಮಿಸ್ಟ್ರಿ. ಕೆಲಸ ಬಣ್ಣ ತಯಾರಿಸುವ ಕಂಪನಿಯೊಂದರ ಲ್ಯಾಬಿನಲ್ಲಿ. ಬಂದ ಸ್ಯಾಂಪಲ್ ಸರಿಯಾದ ಶೇಡ್‌ನಲ್ಲಿದೆಯಾ, ಬಿಸಿಲಿಗೆ ಮಾಸುತ್ತದಾ ಅಂತ ನೋಡಿ ಸಹಿ ಹಾಕುವುದು. ಕೆಲಸದ ಮೇಲೆ ಬೇಜಾರೇನಿಲ್ಲ. ಆದರೆ ಈಚೆಗೆ ಹಳೆಯ ಚಿತ್ರಗಳ ಹುಚ್ಚು ಹಿಡಿದಿದೆ. ಮ್ಯೂಸಿಯಂನವರು ವೆಬ್‌ಸೈಟಿನಲ್ಲಿ ಹಾಕಿರುವ ದೊಡ್ಡ ಫೋಟೋಗಳನ್ನು ಜೂಮ್ ಮಾಡಿಕೊಂಡು ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ.

ಶುರುವಾಗಿದ್ದು ನೀಲಿಯಿಂದ. ಪ್ರಷ್ಯನ್ ನೀಲಿ ಬರ್ಲಿನ್‌ನಲ್ಲಿ ಹುಟ್ಟಿದ್ದು 18ನೇ ಶತಮಾನದ ಮೊದಲ ವರ್ಷಗಳಲ್ಲಿ. ಹಾಗಾಗಿ 1650ರದ್ದು ಅನ್ನುವ ಚಿತ್ರದಲ್ಲಿ ಆ ನೀಲಿ ಸಿಕ್ಕಿದರೆ, ಒಂದೋ ಆಮೇಲೆ ಯಾರೋ ಅದರ ಮೇಲೆ ಕೈಯಾಡಿಸಿದ್ದಾರೆ, ಇಲ್ಲವೇ ಚಿತ್ರವೇ ಸುಳ್ಳು. ಇದನ್ನು ಓದಿದಾಗ, ಅರೆ, ಇದು ನಾನು ದಿನಾ ಮಾಡುವ ಕೆಲಸವೇ ಅಲ್ವಾ ಅನ್ನಿಸಿತು.

ಈಗ ಕಲಾ ಇತಿಹಾಸದಲ್ಲಿ ಎಂ.ಎ. ಮಾಡುವ ಯೋಚನೆ. ಡಿಗ್ರಿಯಲ್ಲಿ ಕಲೆ ಓದಿದವನಲ್ಲ. ಚಿತ್ರ ಬರೆಯಲು ಬರುವುದಿಲ್ಲ, ನೆಟ್ಟಗೆ ಒಂದು ಗೆರೆಯೂ ಬರುವುದಿಲ್ಲ. ಇಂಥವನಿಗೆ ಸೀಟು ಸಿಗುತ್ತದಾ? ಕ್ಲಾಸಿನಲ್ಲಿ ನಿಜಕ್ಕೂ ಏನು ಮಾಡಿಸುತ್ತಾರೆ, ಇಸವಿ ಬಾಯಿಪಾಠವಾ? ನನ್ನ ಕೆಮಿಸ್ಟ್ರಿ ಉಪಯೋಗಕ್ಕೆ ಬರುತ್ತದಾ ಅಥವಾ ಅದನ್ನು ಮೂಟೆ ಕಟ್ಟಿ ಇಡಬೇಕಾ? ಮುಗಿದ ಮೇಲೆ ಕೆಲಸದ ಕಥೆ ಏನು? ಮಾಡಿದವರು ಯಾರಾದರೂ ಇದ್ದರೆ ಮುಲಾಜಿಲ್ಲದೆ ಹೇಳಿ.

ಹಳೆಚೌಕಟ್ಟು ಬರೆದ ಉತ್ತರ

ನಮಸ್ಕಾರ. ನಾನು ಬಿ.ಕಾಂ. ಓದಿ, ಲೆಕ್ಕಪತ್ರದ ಕೆಲಸ ಮಾಡಿಕೊಂಡಿದ್ದು, ಆಮೇಲೆ ಈ ಎಂ.ಎ.ಗೆ ಸೇರಿದವಳು. ಈಗ ಒಂದು ಮ್ಯೂಸಿಯಂನ ದಾಖಲಾತಿ ವಿಭಾಗದಲ್ಲಿದ್ದೇನೆ. ಯಾವ ವಸ್ತು ಯಾವಾಗ ಬಂತು, ಕೊಟ್ಟವರು ಯಾರು, ಈಗ ಯಾವ ಕಪಾಟಿನಲ್ಲಿದೆ, ಪ್ರದರ್ಶನಕ್ಕೆ ಹೊರಗೆ ಹೋದದ್ದು ಹೋದ ಹಾಗೇ ವಾಪಸ್ ಬಂತಾ, ಇದೇ ನನ್ನ ಕೆಲಸ.

ಚಿತ್ರ ಬರೆಯಲು ಬರಬೇಕಾಗಿಲ್ಲ. ಅದನ್ನು ಯಾರೂ ಕೇಳುವುದೂ ಇಲ್ಲ. ಬೇರೆ ವಿಷಯ ಓದಿದವರನ್ನು ತೆಗೆದುಕೊಳ್ಳುವ ವಿಭಾಗಗಳು ಬೇಕಾದಷ್ಟಿವೆ. ಕೆಲವು ಕಡೆ ಮೊದಲು ಒಂದೆರಡು ಪೇಪರ್ ಜಾಸ್ತಿ ಬರೆಸುತ್ತಾರೆ, ಅಷ್ಟೇ. ಅವರು ಕೇಳುವುದು ಬರವಣಿಗೆ. ಅರ್ಜಿಯ ಜೊತೆ ನೀವು ಬರೆದ ಒಂದು ಲೇಖನ ಕೊಡಬೇಕಾಗುತ್ತದೆ, ಯಾಕೆ ಓದಬೇಕು ಅನ್ನುವುದಕ್ಕೆ ಒಂದು ಪುಟ ಬರೆಯಬೇಕಾಗುತ್ತದೆ. ಆ ಪುಟವನ್ನು ದಯವಿಟ್ಟು 'ಚಿಕ್ಕಂದಿನಿಂದ ನನಗೆ ಕಲೆ ಅಂದರೆ ಪ್ರೀತಿ' ಅಂತ ಶುರು ಮಾಡಬೇಡಿ. ಬರುವ ಅರ್ಜಿಗಳಲ್ಲಿ ಮುಕ್ಕಾಲು ಪಾಲು ಹಾಗೇ ಶುರುವಾಗುತ್ತವೆ. ನೀವು ಮೇಲೆ ಪ್ರಷ್ಯನ್ ನೀಲಿ ಬಗ್ಗೆ ಬರೆದಿದ್ದೀರಲ್ಲ, ಅದನ್ನೇ ಬೆಳೆಸಿ.

ಇನ್ನು ಕ್ಲಾಸು. ಇಸವಿ ನೆನಪಿರಬೇಕು ನಿಜ, ಆದರೆ ಅದಕ್ಕೆ ಯಾರೂ ಮಾರ್ಕ್ಸ್ ಕೊಡುವುದಿಲ್ಲ. ಮೊದಲು ಮಾಡಿಸುವುದು ನೋಡುವ ಕೆಲಸ. ನಮಗೆ ಕೊಟ್ಟಿದ್ದು ಯಾನ್ ವಾನ್ ಐಕ್ 1434ರಲ್ಲಿ ಬರೆದ ಅರ್ನೊಲ್ಫಿನಿ ದಂಪತಿ ಚಿತ್ರ. ಪುಸ್ತಕ ತೆರೆಯಬಾರದು, ಫೋನ್ ಮುಟ್ಟಬಾರದು, ಕಂಡದ್ದನ್ನು ಬರೆಯಬೇಕು. ಎಲ್ಲರೂ ಮೊದಲ ಸಾಲಿನಲ್ಲೇ 'ಬಸುರಿ ಹೆಂಡತಿ' ಅಂತ ಬರೆದರು. ಮೇಷ್ಟ್ರು ಕೇಳಿದ್ದು ಒಂದೇ, 'ಬಸುರಿ ಅಂತ ಎಲ್ಲಿ ಬರೆದಿದೆ?' ತಿರುಗಿ ನೋಡಿದರೆ, ಅವಳು ನೆಲಕ್ಕೆ ಬಿದ್ದು ಹರಡುವಷ್ಟು ಉದ್ದದ ಹಸಿರು ಉಡುಪನ್ನು ಒಂದು ಕೈಯಲ್ಲಿ ಎತ್ತಿ ಹೊಟ್ಟೆಯ ಮುಂದೆ ಹಿಡಿದುಕೊಂಡಿದ್ದಾಳೆ. ಕಾಣುವುದು ಅಷ್ಟೇ. ಬೆಳಕಿರುವ ಹೊತ್ತಿನಲ್ಲೂ ಮೇಲಿನ ದೀಪಗುಚ್ಛದಲ್ಲಿ ಒಂದೇ ಒಂದು ಮೇಣದಬತ್ತಿ ಉರಿಯುತ್ತಿದೆ. ಹಿಂದಿನ ಗುಂಡು ಕನ್ನಡಿಯಲ್ಲಿ ಗಂಡಹೆಂಡಿರ ಬೆನ್ನು ಕಾಣುತ್ತದೆ, ಅದರಾಚೆ ಬಾಗಿಲಲ್ಲಿ ಇನ್ನಿಬ್ಬರು ನಿಂತಿದ್ದಾರೆ. ಕನ್ನಡಿಯ ಮೇಲಿನ ಗೋಡೆಯ ಮೇಲೆ, 'ವಾನ್ ಐಕ್ ಇಲ್ಲಿದ್ದ, 1434' ಅನ್ನುವ ಅರ್ಥದ ಲ್ಯಾಟಿನ್ ಬರಹ.

ಕಲಾ ಇತಿಹಾಸಕಾರ ಎರ್ವಿನ್ ಪನಾಫ್‌ಸ್ಕಿ 1934ರಲ್ಲಿ ಇವನ್ನೆಲ್ಲ ಜೋಡಿಸಿ, ಈ ಚಿತ್ರ ಒಂದು ಮದುವೆಗೆ ಸಾಕ್ಷಿಪತ್ರ ಇದ್ದ ಹಾಗೆ ಅಂತ ವಾದ ಮಾಡಿದರು. ಬಹಳ ಕಾಲ ಜನ ಅದನ್ನೇ ನಂಬಿದರು. ಆಮೇಲೆ ಬಂದವರು ಮದುವೆಯೇ ಅಲ್ಲ ಅಂದರು, ಜೋಡಿ ಯಾವುದು ಅನ್ನುವುದರ ಬಗ್ಗೆಯೂ ಜಗಳವಾಯಿತು. ಕ್ಲಾಸಿನಲ್ಲಿ ಇದನ್ನು ಓದಿಸುವುದು ಯಾರು ಸರಿ ಅಂತ ತೀರ್ಪು ಕೊಡಲಿಕ್ಕಲ್ಲ. ಕಣ್ಣಿಗೆ ಕಂಡದ್ದು ಎಲ್ಲಿಗೆ ಮುಗಿಯಿತು, ಓದಿದ್ದು ಎಲ್ಲಿಂದ ಶುರುವಾಯಿತು ಅನ್ನುವ ಗಡಿ ಗೊತ್ತಾಗಲಿ ಅಂತ. ನನ್ನ ಲೆಕ್ಕದಲ್ಲಿ ಇಡೀ ಎಂ.ಎ.ಯಲ್ಲಿ ಕಲಿಯಬೇಕಾದ ಮುಖ್ಯ ವಿದ್ಯೆ ಇದು.

ಹಾರ್ವರ್ಡ್‌ನಲ್ಲಿ ಜೆನ್ನಿಫರ್ ರಾಬರ್ಟ್ಸ್ ಅನ್ನುವ ಪ್ರಾಧ್ಯಾಪಕರು ವಿದ್ಯಾರ್ಥಿಗಳನ್ನು ಒಂದೇ ಚಿತ್ರದ ಮುಂದೆ ಮೂರು ಗಂಟೆ ಕೂರಿಸುತ್ತಾರೆ. ಅವರೇ ಅಮೆರಿಕದ ಚಿತ್ರಕಾರ ಕಾಪ್ಲಿಯ 1765ರ ಚಿತ್ರ, ಪಳಗಿಸಿದ ಹಾರುವ ಅಳಿಲಿನ ಜೊತೆ ಕೂತ ಹುಡುಗನದ್ದು, ಮುಂದಿಟ್ಟುಕೊಂಡು ಕೂತಾಗ, ಹುಡುಗನ ಕಿವಿಯ ಆಕಾರವೂ ಅಳಿಲಿನ ಹೊಟ್ಟೆಯ ತುಪ್ಪಳದ ಅಂಚೂ ಒಂದೇ ಥರ ಇವೆ ಅಂತ ಗಮನಕ್ಕೆ ಬರಲು ಒಂಬತ್ತು ನಿಮಿಷ ಹಿಡಿಯಿತಂತೆ. ಜೀವನವೆಲ್ಲ ಇದೇ ಕೆಲಸ ಮಾಡಿದವರಿಗೆ ಒಂಬತ್ತು ನಿಮಿಷ!

ಜೂಮ್ ಮಾಡುವ ಅಭ್ಯಾಸ ಒಳ್ಳೆಯದೇ. ಆದರೆ ಪರದೆಯಲ್ಲಿ ಎಲ್ಲ ಚಿತ್ರಗಳೂ ಒಂದೇ ಅಳತೆ, ಅಲ್ವಾ? ಅರ್ನೊಲ್ಫಿನಿ ಚಿತ್ರದ ಎತ್ತರ 82 ಸೆಂಟಿಮೀಟರ್. ರೆಂಬ್ರಾಂಟ್‌ನ 'ರಾತ್ರಿ ಕಾವಲು' 4 ಮೀಟರಿಗೂ ಜಾಸ್ತಿ ಅಗಲ. ಅದೂ 1715ರಲ್ಲಿ ಹೊಸ ಜಾಗದ ಗೋಡೆಗೆ ಹಿಡಿಯಲಿಲ್ಲ ಅಂತ ಸುತ್ತ ಕತ್ತರಿಸಿ ಉಳಿದದ್ದು. ಎಡಗಡೆ ನಿಂತಿದ್ದವರೇ ಮಾಯ. ಅದಕ್ಕೂ ಮುಂಚೆ ಯಾರೋ ಮಾಡಿಟ್ಟುಕೊಂಡಿದ್ದ ಸಣ್ಣ ನಕಲಿನಿಂದ ಅಲ್ಲಿ ಏನಿತ್ತು ಅಂತ ಗೊತ್ತಾಯಿತು. ಹಾಗಾಗಿ ಫೋಟೋ ನೋಡುವಾಗ ಕೆಳಗೆ ಬರೆದ ಅಳತೆಯನ್ನು ಮೊದಲು ಓದಿ. ಸಾಧ್ಯವಾದರೆ ಗೋಡೆಯ ಮೇಲೆ ಅಷ್ಟು ಜಾಗಕ್ಕೆ ಟೇಪ್ ಹಚ್ಚಿ ನೋಡಿ. ನಾನು ಈಗಲೂ ಮಾಡುತ್ತೇನೆ.

ಥಿಯರಿ ಪೇಪರ್ ಒಂದಿರುತ್ತದೆ. ವಸಾರಿ 1550ರಲ್ಲಿ ಬರೆದ ಕಲಾವಿದರ ಜೀವನಚರಿತ್ರೆಗಳಿಂದ ಹಿಡಿದು, ಲಿಂಡಾ ನಾಕ್ಲಿನ್ 1971ರಲ್ಲಿ 'ಮಹಾನ್ ಕಲಾವಿದೆಯರು ಯಾಕಿಲ್ಲ' ಅಂತ ಕೇಳಿದ್ದರ ತನಕ ಬರುತ್ತದೆ. ನಾಕ್ಲಿನ್ ಓದುವಾಗ ಮೈ ಬಿಸಿಯಾಗುತ್ತದೆ. ಹೆಣ್ಣುಮಕ್ಕಳಿಗೆ ಕಲಾಶಾಲೆಯಲ್ಲಿ ಬೆತ್ತಲೆ ಮಾದರಿ ನೋಡಿ ಬರೆಯಲು ಬಿಡದೆ, ಆಮೇಲೆ 'ನಿಮ್ಮಲ್ಲಿ ದೊಡ್ಡವರು ಯಾರೂ ಇಲ್ಲ' ಅಂದರೆ ಹೇಗೆ ಅನ್ನುವುದು ಅವರ ವಾದ. ನಡುವೆ ಬರುವ ಕೆಲವು ತತ್ತ್ವಜ್ಞಾನಿಗಳು ತಲೆ ತಿನ್ನುತ್ತಾರೆ. ಪಾಸಾಗುವಷ್ಟು ಓದಿ ಮುಂದೆ ಹೋಗಿ.

ಕೆಮಿಸ್ಟ್ರಿ ವಿಷಯಕ್ಕೆ ಬರುತ್ತೇನೆ. ವರ್ಮೇರ್‌ನ ಒಂದು ಚಿತ್ರ ಡ್ರೆಸ್ಡನ್‌ನಲ್ಲಿದೆ. ತೆರೆದ ಕಿಟಕಿಯ ಮುಂದೆ ನಿಂತು ಹುಡುಗಿ ಪತ್ರ ಓದುತ್ತಿದ್ದಾಳೆ, ಹಿಂದೆ ಖಾಲಿ ಗೋಡೆ. ಆ ಖಾಲಿ ಗೋಡೆಯನ್ನೇ ಹೊಗಳಿದ್ದೂ ಹೊಗಳಿದ್ದೇ. 1979ರಲ್ಲಿ ಎಕ್ಸ್‌ರೇ ತೆಗೆದರೆ ಗೋಡೆಯ ಅಡಿಯಲ್ಲಿ ಮನ್ಮಥನ ಚಿತ್ರ! ವರ್ಮೇರ್‌ಗೇ ಅದು ಹಿಡಿಸದೆ ತಾನೇ ಮುಚ್ಚಿರಬೇಕು ಅಂತ ಎಲ್ಲರೂ ಅಂದುಕೊಂಡರು. 2017ರಲ್ಲಿ ರಿಪೇರಿಗೆ ಇಳಿದಾಗ ಬಣ್ಣದ ಪದರಗಳನ್ನು ಲ್ಯಾಬಿನಲ್ಲಿ ಪರೀಕ್ಷಿಸಿದರು. ಮನ್ಮಥನಿಗೂ ಮೇಲಿನ ಗೋಡೆ ಬಣ್ಣಕ್ಕೂ ನಡುವೆ ಕೊಳೆಯ ಪದರ ಸಿಕ್ಕಿತು. ಅಂದರೆ ಆ ಮನ್ಮಥ ದಶಕಗಳ ಕಾಲ ಬಯಲಲ್ಲೇ ಇದ್ದು ಕೊಳೆ ಹಿಡಿದಿದ್ದ, ಆಮೇಲೆ ಬೇರೆ ಯಾರೋ ಬಣ್ಣ ಬಳಿದಿದ್ದಾರೆ. ಅಷ್ಟು ಹೊತ್ತಿಗೆ ವರ್ಮೇರ್ ಬದುಕೇ ಇರಲಿಲ್ಲ, ಅವನು ಸತ್ತಿದ್ದು 1675ರಲ್ಲಿ. ಮೇಲಿನ ಬಣ್ಣವನ್ನು ಚೂರುಚೂರೇ ಕೆರೆದು ತೆಗೆದು 2021ರಲ್ಲಿ ಚಿತ್ರವನ್ನು ಮತ್ತೆ ಇಟ್ಟರು.

ಲ್ಯಾಬಿನ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಮನ್ಮಥ ಕಾಲಡಿಯಲ್ಲಿ ಮುಖವಾಡ ತುಳಿಯುತ್ತಿದ್ದಾನಲ್ಲ, ಅದು ಯಾಕೆ? ಕಪಟವಿಲ್ಲದ ಪ್ರೀತಿ ಅಂತ ಅರ್ಥ ಹೇಳುವುದಾದರೆ ಆ ಕಾಲದ ಯಾವ ಚಿತ್ರಪುಸ್ತಕದ ಆಧಾರದ ಮೇಲೆ? ಹೆಚ್ಚುಕಡಿಮೆ ಅದೇ ಮನ್ಮಥ ಲಂಡನ್‌ನಲ್ಲಿರುವ ವರ್ಮೇರ್‌ನ ಇನ್ನೊಂದು ಚಿತ್ರದ ಗೋಡೆಯ ಮೇಲೂ ಇದ್ದಾನೆ, ಹಾಗಾದರೆ ಅದು ಅವನ ಮನೆಯಲ್ಲೇ ಇದ್ದ ಪಟವಾ? ಆಮೇಲೆ ಬಂದವರಿಗೆ ಅವನು ಯಾಕೆ ಬೇಡವಾದ? ಕಲಾ ಇತಿಹಾಸದವರ ಕೆಲಸ ಇಲ್ಲಿಂದ ಶುರು.

ಇದು ಯಾಕೆ ಹೇಳಿದೆ ಅಂದರೆ, ನಿಮಗೆ ನಿಜಕ್ಕೂ ಖುಷಿ ಕೊಡುವುದು ಮೊದಲ ಭಾಗವೇ ಆಗಿದ್ದರೆ ಈ ಎಂ.ಎ. ಬೇಡ. ಕಲಾಕೃತಿ ಸಂರಕ್ಷಣೆ, ಸಂರಕ್ಷಣಾ ವಿಜ್ಞಾನ ಅಂತ ಬೇರೆಯದೇ ಕೋರ್ಸ್‌ಗಳಿವೆ. ಅಲ್ಲಿ ನಿಮ್ಮ ಎಂ.ಎಸ್ಸಿ. ನೋಡಿ ಕೈಮುಗಿದು ಕರೆಯುತ್ತಾರೆ. ಎರಡನೇ ಭಾಗವೂ ಬೇಕು ಅನ್ನಿಸಿದರೆ ಮಾತ್ರ ಇಲ್ಲಿಗೆ ಬನ್ನಿ.

ಕೆಲಸದ ಕಥೆ ಉದ್ದ ಮಾಡುವುದಿಲ್ಲ. ಕ್ಯುರೇಟರ್ ಹುದ್ದೆ ಕಡಿಮೆ, ಅದಕ್ಕೆ ಪಿಎಚ್.ಡಿ. ಕೇಳುವುದು ಜಾಸ್ತಿ. ದಾಖಲಾತಿ, ಕ್ಯಾಟಲಾಗ್, ಹರಾಜು ಸಂಸ್ಥೆಗಳ ಸಂಶೋಧನಾ ವಿಭಾಗ, ಪ್ರಕಾಶನ, ಪಾಠ ಹೇಳುವುದು, ಇವು ಇವೆ. ಸಂಬಳ ಈಗ ನಿಮಗೆ ಬರುವುದಕ್ಕಿಂತ ಕಡಿಮೆಯೇ ಇರುತ್ತದೆ ಅಂತಿಟ್ಟುಕೊಂಡು ಲೆಕ್ಕ ಹಾಕಿ.

ಅಡಿಟಿಪ್ಪಣಿ ಬರೆದ ಉತ್ತರ

ಮೇಲಿನ ಮೇಡಂ ಹೇಳಿದ್ದಕ್ಕೆ ನನ್ನ ತಕರಾರು ಒಂದೇ. ಲ್ಯಾಬು ಮೊದಲು, ಇತಿಹಾಸ ಆಮೇಲೆ ಅಂತ ಅವರು ಗೆರೆ ಎಳೆದ ಹಾಗಾಯಿತು. ಎಷ್ಟೋ ಸಲ ಇತಿಹಾಸಕಾರರಿಗೆ ಅನುಮಾನ ಬಂದ ಮೇಲೆ ಲ್ಯಾಬಿಗೆ ಹೋಗುವುದು. ಬೇರೆ ಚಿತ್ರಕಾರರ ಹೆಸರಿನಲ್ಲಿ ನಕಲಿ ಚಿತ್ರ ಬರೆಯುತ್ತಿದ್ದ ಜರ್ಮನಿಯ ಬೆಲ್ಟ್ರಾಕಿ ಅನ್ನುವವನ ಕೇಸ್ ನೋಡಿ. ಕಾಂಪೆಂಡಾಂಕ್ ಅನ್ನುವ ಚಿತ್ರಕಾರ 1914ರಲ್ಲಿ ಬರೆದದ್ದು ಅಂತ ಹೇಳಿದ ಚಿತ್ರ 2006ರಲ್ಲಿ 28 ಲಕ್ಷ ಯೂರೋಗೂ ಜಾಸ್ತಿ ಬೆಲೆಗೆ ಹರಾಜಾಯಿತು. ಲ್ಯಾಬಿನಲ್ಲಿ ಟೈಟಾನಿಯಂ ಬಿಳಿ ಸಿಕ್ಕಿತು. 1914ರಲ್ಲಿ ಆ ಬಿಳಿ ಕಲಾವಿದರ ಕೈಗೇ ಬಂದಿರಲಿಲ್ಲ. ಅಲ್ಲಿಗೆ ಕೆಮಿಸ್ಟ್ರಿ ಗೆದ್ದಿತು ಅನ್ನಿ. ಆದರೆ ಚಿತ್ರದ ಹಿಂದೆ ಅಂಟಿಸಿದ್ದ ಹಳೆಯ ಮಾರಾಟಗಾರನ ಚೀಟಿಯೂ ನಕಲಿ ಅಂತ ಪತ್ತೆ ಮಾಡಿದ್ದು ಕಲಾ ಇತಿಹಾಸಕಾರರು. 2011ರಲ್ಲಿ ಅವನಿಗೆ ಶಿಕ್ಷೆಯಾಯಿತು. ಚೀಟಿ ಓದುವುದು, ರಸೀದಿ ಹುಡುಕುವುದು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಜಾಡು ಹಿಡಿಯುವುದು, ಇವನ್ನೂ ಈ ಎಂ.ಎ.ಯಲ್ಲೇ ಕಲಿಸುತ್ತಾರೆ.

ಈಗ ಈ ಜಾಡಿಗೆ ಬೆಲೆಯೂ ಜಾಸ್ತಿಯಾಗಿದೆ. ಕಲಾವಸ್ತುಗಳ ಕಳ್ಳಸಾಗಣೆ ವಿರುದ್ಧ ಯುನೆಸ್ಕೋ ಒಪ್ಪಂದವಾಗಿದ್ದು 1970ರಲ್ಲಿ. ಈಗ ಯಾವುದೇ ಜವಾಬ್ದಾರಿಯ ಮ್ಯೂಸಿಯಂ ಹಳೆಯ ಶಿಲ್ಪ ಕೊಳ್ಳುವ ಮುಂಚೆ, 1970ಕ್ಕೂ ಮೊದಲು ಇದು ಎಲ್ಲಿತ್ತು ಅಂತ ಕೇಳುತ್ತದೆ. ನಾಜಿಗಳು ಕಿತ್ತುಕೊಂಡ ಚಿತ್ರಗಳ ಬಗ್ಗೆ 1998ರಲ್ಲಿ ವಾಷಿಂಗ್ಟನ್‌ನಲ್ಲಿ ಹಲವು ದೇಶಗಳು ಸೇರಿ ತತ್ತ್ವಗಳನ್ನು ಒಪ್ಪಿದವು. ಈಗಿನ ನೈಜೀರಿಯಾದಲ್ಲಿದ್ದ ಬೆನಿನ್ ರಾಜ್ಯದಿಂದ 1897ರಲ್ಲಿ ಬ್ರಿಟಿಷ್ ಸೈನ್ಯ ಹೊತ್ತೊಯ್ದ ಕಂಚಿನ ಫಲಕಗಳ ಕೆಲವು ಪಾಲು ಈಗೀಗ ವಾಪಸ್ ಹೋಗುತ್ತಿದೆ. ಇಂಥ ಕೆಲಸಕ್ಕೆ ಜನ ಬೇಕು. ಹಳೇ ಲೆಡ್ಜರ್‌ನಲ್ಲಿ ಕೈಬರಹ ಓದುತ್ತಾ ಧೂಳು ಕುಡಿಯುವ ತಾಳ್ಮೆ ಇದ್ದವರು ಮಾತ್ರ ಬನ್ನಿ.

ಥೀಸಿಸ್ ಬಗ್ಗೆ ಒಂದು ಮಾತು. ವಿಷಯ ಚಿಕ್ಕದಾಗಿರಲಿ. 'ನೀಲಿಯ ಇತಿಹಾಸ' ಅಂತ ಹೋದರೆ ಗೈಡ್ ಸುಮ್ನೆ ನಗುತ್ತಾರೆ.

ಬಣ್ಣದಲ್ಯಾಬ್ ಮತ್ತೆ ಬರೆದದ್ದು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕೊಳೆಯ ಪದರದ ವಿಷಯ ಓದಿ ಲ್ಯಾಬಿನಲ್ಲಿ ಜೊತೆಯವರಿಗೆಲ್ಲ ಹೇಳಿದೆ, ಅವರು ನನ್ನ ಮುಖ ನೋಡಿದರು! ಸಂರಕ್ಷಣಾ ವಿಜ್ಞಾನದ ಕೋರ್ಸ್‌ಗಳನ್ನೂ ನೋಡಿದೆ. ಅಲ್ಲಿ ನಾನು ಈಗ ಮಾಡುವುದನ್ನೇ ಇನ್ನೂ ಚೆನ್ನಾಗಿ ಮಾಡುತ್ತೇನೆ ಅಷ್ಟೇ ಅನ್ನಿಸಿತು. ಮನ್ಮಥ ಯಾಕೆ ಬೇಡವಾದ ಅನ್ನುವ ಪ್ರಶ್ನೆಯೇ ತಲೆಯಲ್ಲಿ ಕೂತಿದೆ. ಹಾಗಾಗಿ ಎಂ.ಎ. ಕಡೆಗೇ ಮನಸ್ಸು.

'ನೀಲಿಯ ಇತಿಹಾಸ' ಅಂತಲೇ ನಾನು ಬರೆದಿಟ್ಟುಕೊಂಡಿದ್ದೆ, ಅಡಿಟಿಪ್ಪಣಿ ಅವರಿಗೆ ಹೇಗೆ ಗೊತ್ತಾಯಿತೋ. ಚಿಕ್ಕದು ಅಂದರೆ ಎಷ್ಟು ಚಿಕ್ಕದು? ಇನ್ನೊಂದು, ಜರ್ಮನ್ ಅಥವಾ ಇಟಾಲಿಯನ್ ಬರದೆ ಆಗುವುದೇ ಇಲ್ಲವಾ? ಇಂಗ್ಲಿಷ್ ಬಿಟ್ಟರೆ ಯುರೋಪಿನ ಯಾವ ಭಾಷೆಯೂ ನನಗೆ ಬರುವುದಿಲ್ಲ.

ಹಳೆಚೌಕಟ್ಟು ಬರೆದ ಉತ್ತರ

ಅಡಿಟಿಪ್ಪಣಿ ಅವರ ತಕರಾರು ಸರಿಯಾಗಿದೆ, ಒಪ್ಪಿದೆ. ಚೀಟಿಯ ವಿಷಯ ನಾನೇ ಹೇಳಬೇಕಿತ್ತು, ನನ್ನ ಹೊಟ್ಟೆಪಾಡೇ ಅದು.

ಎಷ್ಟು ಚಿಕ್ಕದು ಅನ್ನುವುದಕ್ಕೆ ನಿಮ್ಮ ನೀಲಿಯನ್ನೇ ತೆಗೆದುಕೊಳ್ಳಿ. ಫ್ಲಾರೆನ್ಸ್‌ನ ಘಿರ್ಲಾಂದಾಯೋ ಅನ್ನುವ ಚಿತ್ರಕಾರ 1485ರಲ್ಲಿ ಅನಾಥ ಮಕ್ಕಳ ಆಸ್ಪತ್ರೆಯೊಂದಕ್ಕೆ ಚಿತ್ರ ಬರೆದುಕೊಡಲು ಕರಾರು ಮಾಡಿಕೊಂಡ. ಆ ಕರಾರುಪತ್ರ ಉಳಿದಿದೆ. ಅದರಲ್ಲಿ ನೀಲಿ ಅಲ್ಟ್ರಾಮರೀನ್ ಆಗಿರಬೇಕು, ಔನ್ಸ್‌ಗೆ ಸುಮಾರು ನಾಲ್ಕು ಫ್ಲೋರಿನ್ (ಅಲ್ಲಿನ ಚಿನ್ನದ ನಾಣ್ಯ) ಬೆಲೆಯದ್ದಾಗಿರಬೇಕು ಅಂತ ಬರೆದಿದ್ದಾರೆ. ಅಫ್ಘಾನಿಸ್ತಾನದ ಬದಖ್‌ಶಾನ್ ಗಣಿಯಿಂದ ಬರುತ್ತಿದ್ದ ಲಾಜವರ್ದ ಕಲ್ಲನ್ನು ಅರೆದು, ಮೇಣ ಬೆರೆಸಿ ನಾದಿ, ಕ್ಷಾರದ ನೀರಿನಲ್ಲಿ ತೊಳೆದು ತೆಗೆಯುವ ಬಣ್ಣ ಅದು. ಮೊದಲ ಸಲ ತೊಳೆದಾಗ ಬರುವುದು ಗಾಢ ನೀಲಿ, ದುಬಾರಿ. ಮತ್ತೆ ಮತ್ತೆ ತೊಳೆದಂತೆ ಪೇಲವವಾಗುತ್ತದೆ, ಬೆಲೆಯೂ ಇಳಿಯುತ್ತದೆ. ಅದಕ್ಕೇ ಕರಾರಿನಲ್ಲಿ ಬಣ್ಣದ ಹೆಸರು ಬರೆದರೆ ಸಾಲದು, ದರವನ್ನೂ ಬರೆಯಬೇಕು. ಇಲ್ಲದಿದ್ದರೆ ಚಿತ್ರಕಾರ ಅಗ್ಗದ್ದು ಬಳಿದುಬಿಟ್ಟರೆ?

ಹದಿನೈದನೇ ಶತಮಾನ ಮುಂದೆ ಹೋದಂತೆ ಕರಾರುಗಳಲ್ಲಿ ದುಬಾರಿ ಬಣ್ಣದ ಮಾತು ಕಡಿಮೆಯಾಗಿ, ಚಿತ್ರಕಾರನ ಸ್ವಂತ ಕೈಯ ಕೆಲಸಕ್ಕೆ ಬೆಲೆ ಕಟ್ಟುವುದು ಜಾಸ್ತಿಯಾಯಿತು ಅಂತ ಮೈಕಲ್ ಬ್ಯಾಕ್ಸಂಡಾಲ್ 1972ರಲ್ಲಿ ತೋರಿಸಿದರು. ಘಿರ್ಲಾಂದಾಯೋನ ಈ ಕರಾರು ಆ ಮಟ್ಟಿಗೆ ಸ್ವಲ್ಪ ಹಳೇ ಕಾಲದ್ದು. ಈಗ ನಿಮ್ಮ ಥೀಸಿಸ್ ಹೀಗಿರಬಹುದು: ಕರಾರು ಉಳಿದಿರುವ, ಲ್ಯಾಬ್ ವರದಿಯೂ ಪ್ರಕಟವಾಗಿರುವ ಎರಡೋ ಮೂರೋ ಚಿತ್ರಗಳನ್ನು ಆರಿಸಿಕೊಳ್ಳಿ. ಬರೆದುಕೊಟ್ಟ ನೀಲಿಯೂ ಬಳಿದ ನೀಲಿಯೂ ಒಂದೇನಾ ನೋಡಿ. ಒಳ್ಳೆಯ ನೀಲಿ ಯಾರ ಮೈಮೇಲೆ ಬಿದ್ದಿದೆ, ಅಗ್ಗದ್ದು ಯಾರ ಪಾಲಿಗೆ ಬಂದಿದೆ ನೋಡಿ. ಯೇಸುವಿನ ತಾಯಿ ಮೇರಿಯ ಮೇಲುಡುಪಿಗೆ ಒಂದು, ಮೂಲೆಯಲ್ಲಿ ನಿಂತವನ ಅಂಗಿಗೆ ಇನ್ನೊಂದು ಅಂತ ಸಿಕ್ಕಿದರೆ ಒಂದು ಅಧ್ಯಾಯ ಆಯಿತು. ಲ್ಯಾಬ್ ವರದಿಯನ್ನು ನಿಮ್ಮ ಹಾಗೆ ಓದಬಲ್ಲವರು ಕ್ಲಾಸಿನಲ್ಲಿ ಬೇರೆ ಯಾರೂ ಇರುವುದಿಲ್ಲ.

ಗೈಡ್ ಆಗಿ ದೊಡ್ಡ ಹೆಸರಿನವರನ್ನು ಹುಡುಕಬೇಡಿ. ಬರೆದುಕೊಟ್ಟದ್ದನ್ನು ಓದಿ ವಾಪಸ್ ಕೊಡುವವರನ್ನು ಹುಡುಕಿ. ಅವರ ಹಳೆಯ ವಿದ್ಯಾರ್ಥಿಗಳನ್ನು ಕೇಳಿದರೆ ಎರಡೇ ಮಾತಿನಲ್ಲಿ ಹೇಳಿಬಿಡುತ್ತಾರೆ.

ಭಾಷೆ. ಸೇರುವಾಗಲೇ ಬರಬೇಕು ಅನ್ನುವ ವಿಭಾಗಗಳಿವೆ, ಮುಗಿಯುವುದರೊಳಗೆ ಒಂದು ಪರೀಕ್ಷೆ ಪಾಸಾದರೆ ಸಾಕು ಅನ್ನುವವೂ ಇವೆ. ಅರ್ಜಿ ಹಾಕುವ ಮುಂಚೆ ನಿಯಮ ಓದಿ. ಮಾತಾಡಲು ಬರಬೇಕಾಗಿಲ್ಲ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಂದು ಲೇಖನ ಓದಲು ಬಂದರೆ ಆಯಿತು. ಈ ವಿಷಯಕ್ಕೇ ಅಂಟಿಕೊಳ್ಳುವುದಾದರೆ ಇಟಾಲಿಯನ್ ಮೊದಲು, ಜರ್ಮನ್ ಆಮೇಲೆ. ಕರಾರುಗಳನ್ನು ಮೂಲದಲ್ಲೇ ಓದುವ ಆಸೆ ಬಂದರೆ ಹಳೇ ಕೈಬರಹ ಓದುವ ಅಭ್ಯಾಸವೂ ಬೇಕು, ಕೆಲವಕ್ಕೆ ಲ್ಯಾಟಿನ್ನೂ ಬೇಕಾಗುತ್ತದೆ. ಎಂ.ಎ. ಮಟ್ಟಕ್ಕೆ ಅಚ್ಚಾಗಿರುವ ಪಾಠ ಸಾಕು. ಚಿತ್ರಗಳ ಫೋಟೋಗೆ ತಲೆ ಕೆಡಿಸಿಕೊಳ್ಳಬೇಡಿ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನವರು, 2017ರಿಂದ ನ್ಯೂಯಾರ್ಕಿನ ಮೆಟ್ರೊಪಾಲಿಟನ್‌ನವರು ಹಕ್ಕು ಮುಗಿದ ಕೃತಿಗಳ ಫೋಟೋಗಳನ್ನು ಪುಕ್ಕಟೆ ಬಳಸಲು ಬಿಟ್ಟಿದ್ದಾರೆ. ಬೇರೆಯವರ ಹತ್ತಿರ ಮಾತ್ರ ಅನುಮತಿ ಪತ್ರ ಬರೆಯಬೇಕಾದೀತು, ಉತ್ತರ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅದನ್ನು ಕೊನೆಗೆ ಇಟ್ಟುಕೊಳ್ಳಬೇಡಿ.